ತಿರುಪು ತೆಗೆದರಷ್ಟೇ ಸಾಲದು

ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಅವರ ‘ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್’ ಎಂಬ ಪಿಯಾನೋ ಕೃತಿಯನ್ನು ಸಂಪ್ರದಾಯಪ್ರಿಯ ಕೇಳುಗರಿಗೆ ಒಗ್ಗಿಸುವುದು ಹೇಗೆ ಎಂಬ ಲೇಖಕರೊಬ್ಬರ ಚಿಂತೆಗೆ ಪರಿಹಾರ ಕಷ್ಟವೇನಲ್ಲ: ಸದ್ದನ್ನು ಬದಲಿಸಲೆಂದೇ ಪಿಯಾನೋದ ತಂತಿಗಳ ನಡುವೆ ಸಿಕ್ಕಿಸಿರುವ ತಿರುಪು, ಬೋಲ್ಟು, ರಬ್ಬರು ಚೂರುಗಳನ್ನೆಲ್ಲ ಕಛೇರಿಗೆ ಮುನ್ನವೇ ಕಿತ್ತು ಜೇಬಿಗೆ ಹಾಕಿಕೊಂಡರಾಯಿತು. 45 ಸ್ವರಗಳ ತಂತಿಗಳಲ್ಲಿ ಯಾವ ವಸ್ತು ಎಲ್ಲಿರಬೇಕೆಂದು ಕೇಜ್ ಅವರೇ ಪಟ್ಟಿ ಬರೆದಿಟ್ಟಿರುವುದರಿಂದ ಒಂದಾದರೂ ಕಣ್ತಪ್ಪಿ ಉಳಿದೀತೆಂಬ ಭಯವಿಲ್ಲ. ಅವರ ಶ್ರದ್ಧೆ ಹೀಗಾದರೂ ಉಪಯೋಗಕ್ಕೆ ಬರಲಿ. ಆದರೆ ಮಂದವಾದ ತಾಳವಾದ್ಯದ ಸದ್ದು ಹೊರಡಬೇಕಾದ ಕಡೆ ಶುದ್ಧ ಪಿಯಾನೋ ಸ್ವರವೇ ಮೊಳಗಿ ಹೊಸ ಅಪಸ್ವರಗಳು ಬಯಲಾಗುವುದು ಖಚಿತವಾದ್ದರಿಂದ, ಸ್ವರಗಳನ್ನು ಎಳೆದು ಒಂದರೊಳಗೊಂದು ಬೆರೆಸುವ ಬಲಗಾಲಿನ ಪೆಡಲನ್ನು ಮೇಲೆತ್ತದೆ ಒತ್ತಿಹಿಡಿದು, ಸಂಶಯ ಬಂದಲ್ಲೆಲ್ಲ ಕಣ್ಣು ಮುಚ್ಚಿ ತಲೆಯಾಡಿಸುತ್ತ, ಪ್ರತಿ ಭಾಗದ ಕೊನೆಗೂ ಕಿವಿಗೆ ಇಂಪಾದ ಒಂದು ಸಿ ಮೇಜರ್ ಸ್ವರಮೇಳವನ್ನು ಗಟ್ಟಿಯಾಗಿ ಬಾರಿಸುವುದು ಕ್ಷೇಮಕರ. (ಇಲ್ಲಿನ ಹೆಚ್ಚಿನ ಸೊನಾಟಾಗಳು ಎರಡು ಭಾಗಗಳನ್ನೂ ಎರಡೆರಡು ಸಲ ನುಡಿಸುವ ಹದಿನೆಂಟನೆಯ ಶತಮಾನದ ರಚನೆಯಲ್ಲೇ ಇವೆ ಎಂಬುದನ್ನು ಯಾರಿಗೂ ಹೇಳಬಾರದು, ಹೇಳಿದರೆ ನಮ್ಮ ಶ್ರಮ ವ್ಯರ್ಥ.) ಇನ್ನು 1952ರಲ್ಲಿ ಪಿಯಾನೋ ವಾದಕ ಡೇವಿಡ್ ಟ್ಯೂಡರ್ ಮೊದಲು ಪ್ರಸ್ತುತಪಡಿಸಿದ, ಕೇಜ್ ಅವರ ಮೌನಕೃತಿಯಾದ ‘4′33″’ ಮೂರು ಚಲನೆಗಳ (ಅಂದರೆ ಬಿಡಿ ಭಾಗಗಳ) ಸೊನಾಟಾದ ಮಾದರಿಯಲ್ಲೇ ಇರುವುದರಿಂದ, ಅದರ ನಡುವಣ ಚಲನೆಯನ್ನು ತುಸು ಭಾವಪೂರ್ಣವಾಗಿ ನುಡಿಸಿದರೆ ಸಾಕು.