ಅರೀತಾ ಪಿಯಾನೋ ಮುಂದೆ ಕೂತಾಗ

ಅಮೆರಿಕದ ಗಾಯಕಿ ಅರೀತಾ ಫ್ರಾಂಕ್ಲಿನ್ ಅಂದ ತಕ್ಷಣ ಎಲ್ರೂ ಕಂಠ ಕಂಠ ಅಂತಾರೆ. ಸರಿನೇ, ಅಂಥ ಕಂಠ ಇನ್ನೊಂದಿಲ್ಲ. ಆದ್ರೆ ಈ ವಾರ ಪೂರ್ತಿ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು 1967ರ 'ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯು' ಆಲ್ಬಂನ ಶುರುವಿಂದ ಕೊನೇವರೆಗೂ ಕೇಳ್ತಾ ಇದೀನಿ, ಹನ್ನೊಂದೇ ಹಾಡು, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಕೇಳಿದಷ್ಟೂ ಒಂದೇ ವಿಷ್ಯ ಕಾಡ್ತಿದೆ, ಆಕೆಯ ಬೆರಳುಗಳ ಬಗ್ಗೆ ನಾವ್ಯಾಕೆ ಮಾತೇ ಆಡಲ್ಲ?

ಅಪ್ಪ ಡೆಟ್ರಾಯಿಟ್‌ನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ, ದೊಡ್ಡ ಹೆಸರು. ಈಕೆ ಚಿಕ್ಕ ಹುಡುಗಿ ಇದ್ದಾಗ್ಲೇ ಕಿವೀಲಿ ಕೇಳ್ಕೊಂಡೇ ಪಿಯಾನೋ ಕಲಿತೋಳು. ಅಂಥೋಳನ್ನ 1960ರಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿ ಕರ್ಕೊಂಡು ಹೋಗಿ ಜಾಝ್, ನಾಟಕದ ಹಾಡು, ಹಿಂದೆ ದೊಡ್ಡ ಆರ್ಕೆಸ್ಟ್ರಾ, ಹೀಗೇ ಆರು ವರ್ಷ ಹಾಡಿಸ್ತು. ಕೆಟ್ಟದಾಗಿತ್ತು ಅಂತಲ್ಲ, ಆದ್ರೆ ಆ ರೆಕಾರ್ಡುಗಳಲ್ಲಿ ಆಕೆ ಬೇರೆಯವರ ಮನೇಲಿ ಅತಿಥಿ ಥರ ಇದಾಳೆ ಅನ್ಸತ್ತೆ ನಂಗೆ. ಆಮೇಲೆ ಅಟ್ಲಾಂಟಿಕ್ ಕಂಪನಿಯ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಮಾಡಿದ ದೊಡ್ಡ ಕೆಲ್ಸ ಅಂದ್ರೆ ಆಕೆಯನ್ನ ಪಿಯಾನೋ ಮುಂದೆ ಕೂರಿಸಿ ಬಿಟ್ಟುಬಿಟ್ಟಿದ್ದು.

ಜನವರಿ 24, 1967, ಅಲಬಾಮಾದ ಮಸಲ್ ಶೋಲ್ಸ್, ಫೇಮ್ ಸ್ಟುಡಿಯೋ. ಟೈಟಲ್ ಹಾಡು ಎಲ್ಲಿಂದ ಎತ್ಕೋಬೇಕು ಅಂತ ಯಾರಿಗೂ ಹೊಳೀತಿಲ್ಲ, ಆಗ ಅಲ್ಲಿನ ವಾದಕ ಸ್ಪೂನರ್ ಓಲ್ಡಮ್ ತನ್ನ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೋದಲ್ಲಿ ಒಂದು ನಿಧಾನದ ತುಣುಕು ನುಡಿಸ್ತಾನೆ, ಎಲ್ರೂ ಅದರ ಬೆನ್ನು ಹತ್ತಿದ್ರು, ಹಾಡು ಆಗೋಯ್ತು. ಅದೇ ದಿನ ಕುಡಿತ, ಜಗಳ, ಆಕೆಯ ಗಂಡನಿಗೂ ಸ್ಟುಡಿಯೋದವರಿಗೂ ಮಾತಿಗೆ ಮಾತು ಬೆಳೆದು ಸೆಷನ್ನೇ ನಿಂತುಹೋಯ್ತು. ಕೈಲಿ ಸಿಕ್ಕಿದ್ದು ಒಂದು ಪೂರ್ತಿ ಹಾಡು, ಇನ್ನೊಂದು ಅರ್ಧಂಬರ್ಧ. ಆ ಅರ್ಧ ಹಾಡೇ 'ಡೂ ರೈಟ್ ವುಮನ್', ನ್ಯೂಯಾರ್ಕಲ್ಲಿ ಮುಗಿಸಿದ್ರು, ಪಿಯಾನೋನೂ ಆಕೆದೇ, ಆರ್ಗನ್ನೂ ಆಕೆದೇ.

ಇದೇ ಆಲ್ಬಂನ 'ಡಾಕ್ಟರ್ ಫೀಲ್‌ಗುಡ್' ದಯವಿಟ್ಟು ಕಣ್ಮುಚ್ಕೊಂಡು ಕೇಳಿ. ಆಕೆ ಒಂದು ಸಾಲು ಹಾಡಿ ನಿಲ್ಲಿಸ್ತಾಳೆ, ಆ ಖಾಲಿ ಜಾಗಕ್ಕೆ ಪಿಯಾನೋ ಬಂದು ಉತ್ರ ಕೊಡತ್ತೆ, ಚರ್ಚಲ್ಲಿ ಪಾದ್ರಿ ಒಂದು ಮಾತು ಹೇಳಿದ್ರೆ ಜನ ಕೂಗಿ ಓಗೊಡ್ತಾರಲ್ಲ, ಹಾಗೆ. ನಮ್ಮಲ್ಲಿ ಭಜನೇಲಿ ಹಾರ್ಮೋನಿಯಂ ಹಿಡ್ಕೊಂಡು ತಾವೇ ಹಾಡೋರನ್ನ ಹತ್ರದಿಂದ ನೋಡಿದೋರಿಗೆ ಇದು ಥಟ್ಟಂತ ಗೊತ್ತಾಗತ್ತೆ, ಉಸಿರಿಗೂ ಬೆರಳಿಗೂ ನಡುವೆ ಮೂರನೆಯವರಿಗೆ ಜಾಗಾನೇ ಇರಲ್ಲ.

'ರೆಸ್ಪೆಕ್ಟ್' ಎಲ್ರಿಗೂ ಗೊತ್ತು. ಗಾಯಕ ಓಟಿಸ್ ರೆಡ್ಡಿಂಗ್ 1965ರಲ್ಲಿ ಬರೆದು ಹಾಡಿದಾಗ ಅದು ದುಡ್ಕೊಂಡು ಮನೆಗೆ ಬರೋ ಗಂಡಸಿನ ಹಾಡು. ಈಕೆ ಅದನ್ನ ಹೆಂಗಸಿನ ಬಾಯಿಗೆ ತಂದ್ಲು, ಆರ್-ಇ-ಎಸ್-ಪಿ-ಇ-ಸಿ-ಟಿ ಅಂತ ಅಕ್ಷರ ಬಿಡಿಸಿ ಹೇಳೋದು ಓಟಿಸ್ ಹಾಡಲ್ಲಿ ಇಲ್ವೇ ಇಲ್ಲ, ಹಿಂದಿಂದ ಕೂಗೋ ಹೆಣ್ಣು ದನಿಗಳಲ್ಲಿ ಆಕೆಯ ಸ್ವಂತ ಅಕ್ಕತಂಗೀರು ಇದಾರೆ, ಎರ್ಮಾ ಮತ್ತು ಕ್ಯಾರೊಲಿನ್. ಆದ್ರೂ ಅಮೆರಿಕದ ರೇಡಿಯೋ ಸ್ಟೇಷನ್‌ಗಳು ದುಡ್ಡು ಕೊಡೋದು ಹಾಡು ಬರೆದೋರಿಗೆ, ಹಾಡಿದೋರಿಗಲ್ಲ. ಇದು ಅನ್ಯಾಯ ಅಂತ್ಲೇ ನಾನು ಹೇಳೋದು. ಇಡೀ ಹಾಡನ್ನ ಹೊಸದಾಗಿ ಕಟ್ಟಿದೋಳನ್ನ ಬರೀ ಗಾಯಕಿ ಅಂತ ಲೆಕ್ಕ ಹಾಕಿದ್ರೆ ಹಿಂಗೇ ಆಗೋದು. ಈ ಆಲ್ಬಂನ ನಾಲ್ಕು ಹಾಡಿನ ರಚನೇಲೂ ಆಕೆ ಹೆಸರಿದೆ, ಅದನ್ನಂತೂ ಯಾರೂ ಎತ್ತೋದೇ ಇಲ್ಲ.

ಕೊನೇ ಹಾಡು ಗಾಯಕ ಸ್ಯಾಮ್ ಕುಕ್‌ದು, 'ಎ ಚೇಂಜ್ ಈಸ್ ಗೊನ್ನಾ ಕಮ್'. 1964ರ ಡಿಸೆಂಬರಲ್ಲಿ ಗುಂಡೇಟಿಗೆ ಸತ್ತಿದ್ದ ಆತ, ಈಕೆಗೆ ಗಾಸ್ಪೆಲ್ ಅಂದ್ರೆ ಚರ್ಚಿನ ಹಾಡು ಹಾಡ್ತಿದ್ದ ದಿನಗಳಿಂದ ಪರಿಚಯ. ಅವನ ರೆಕಾರ್ಡಲ್ಲಿ ದೊಡ್ಡ ಆರ್ಕೆಸ್ಟ್ರಾ ಇದೆ, ಇಲ್ಲಿ ಅದ್ಯಾವ್ದೂ ಇಲ್ಲ. ಹಾಡು ಶುರು ಮಾಡೋಕೆ ಮುಂಚೆ ಈಕೆ ಮೂಲದಲ್ಲಿಲ್ಲದ ಒಂದು ಮಾತು ಸೇರಿಸ್ತಾಳೆ, ಹಳೇ ಸ್ನೇಹಿತನೊಬ್ಬ ಹೇಳಿದ್ದು ಮನಸ್ಸಿಗೆ ನಾಟ್ತು ಅಂತ. ಅವನ ಹೆಸರು ಹೇಳಲ್ಲ. ನೇರ ಅವನ ಹಾಡಿಗೆ ಹೋಗಿಬಿಡ್ತಾಳೆ.