ಪಿಸಿಓಎಸ್ ಇರೋ ಸಣ್ಣ ಮೈಯೋರಿಗೆ ಕೊಲೆಸ್ಟ್ರಾಲ್ ಟೆಸ್ಟ್ ಬೇಡ ಅನ್ನೋದು ತಪ್ಪು

ನಮ್ ಹಾಸನದ ಗ್ರೂಪ್‌ಗಳಲ್ಲಿ ಎರಡು ದಿನದಿಂದ ಒಂದು ಮೆಸೇಜ್ ಓಡಾಡ್ತಿದೆ, ಪಿಸಿಓಎಸ್ (ಹೆಂಗಸ್ರಲ್ಲಿ ಹಾರ್ಮೋನ್ ಏರುಪೇರಾಗೋ ಒಂದು ತೊಂದ್ರೆ) ಅಂದ್ರೆ ಬರೀ ಮುಟ್ಟಿನ ತೊಂದ್ರೆ, ಮಗು ಆದ್ಮೇಲೆ ತಾನಾಗೇ ಹೋಗುತ್ತೆ, ದಪ್ಪ ಇಲ್ದೋರು ಕೊಲೆಸ್ಟ್ರಾಲ್ ಟೆಸ್ಟಿಗೆ ದುಡ್ಡು ಹಾಕ್ಬೇಡಿ ಅಂತ. ದಯವಿಟ್ಟು ಅದನ್ನ ಮುಂದಕ್ಕೆ ಕಳಿಸ್ಬೇಡಿ.

2023ರ ಅಂತರರಾಷ್ಟ್ರೀಯ ಪಿಸಿಓಎಸ್ ಗೈಡ್‌ಲೈನ್ ಹೇಳೋದೇ ಬೇರೆ, ಪಿಸಿಓಎಸ್ ಅಂತ ಗೊತ್ತಾದಾಗ್ಲೇ ವಯಸ್ಸು ತೂಕ ನೋಡ್ದೆ ಎಲ್ರಿಗೂ ಲಿಪಿಡ್ ಪ್ರೊಫೈಲ್, ಅಂದ್ರೆ ರಕ್ತದಲ್ಲಿರೋ ಕೊಲೆಸ್ಟ್ರಾಲ್, ಕೊಬ್ಬಿನ ಟೆಸ್ಟ್ ಮಾಡಿಸ್ಬೇಕು, ಬಿಪಿ ವರ್ಷಕ್ಕೊಂದ್ಸಲ ನೋಡಿಸ್ಬೇಕು. ಯಾಕಂದ್ರೆ ಇದ್ರಲ್ಲಿ ತುಂಬಾ ಜನಕ್ಕೆ ಇನ್ಸುಲಿನ್ ಸರಿಯಾಗಿ ಕೆಲ್ಸ ಮಾಡಲ್ಲ, ಆಗ ಲಿವರ್ ಜಾಸ್ತಿ ಕೊಬ್ಬನ್ನ ರಕ್ತಕ್ಕೆ ಬಿಡುತ್ತೆ, ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು ಏರುತ್ತೆ, ಒಳ್ಳೇ ಕೊಲೆಸ್ಟ್ರಾಲ್ ಎಚ್‌ಡಿಎಲ್ ಇಳಿಯುತ್ತೆ. ಸಣ್ಣಗಿರೋರಲ್ಲೂ ಇದು ಆಗ್ಬಹುದು.

ನಮ್ಮಕ್ಕನ ಮಗಳು ಕಡ್ಡಿ ತರ ಇದಾಳೆ, ರಿಪೋರ್ಟ್ ಬಂದಾಗ ಟ್ರೈಗ್ಲಿಸರೈಡ್ 212, ಎಚ್‌ಡಿಎಲ್ 37. ಮೊದಲನೇದು 150ರ ಒಳಗಿರ್ಬೇಕು, ಎರಡನೇದು ಹೆಂಗಸ್ರಿಗೆ 50ಕ್ಕಿಂತ ಮೇಲಿರ್ಬೇಕು. ಅಕ್ಕ ಆ ಹಾಳೆ ಹಿಡ್ಕೊಂಡು ಊಟನೇ ಮಾಡ್ಲಿಲ್ಲ, ಟೋಟಲ್ ಕೊಲೆಸ್ಟ್ರಾಲ್ ನಾರ್ಮಲ್ ಇದ್ಯಲ್ಲಾ ಅಂತ ಮತ್ತೆಮತ್ತೆ ಕೇಳ್ತಿದ್ರು, ಆದ್ರೆ ಅದೊಂದೇ ನಂಬರ್ ನೋಡಿದ್ರೆ ಸಾಲಲ್ಲ.

ಹಂಗಂತ ಪಿಸಿಓಎಸ್ ಇದ್ರೆ ಮೂವತ್ತಕ್ಕೇ ಹಾರ್ಟ್ ಅಟ್ಯಾಕ್ ಅಂತ ಹೆದ್ರಿಸೋದೂ ತಪ್ಪೇ. ಮುಟ್ಟು ನಿಲ್ಲೋಕ್ ಮುಂಚೆ ಒಟ್ಟಾರೆ ಅಪಾಯ ಕಮ್ಮಿನೇ, ಆದ್ರೆ ಪಿಸಿಓಎಸ್ ಇಲ್ದೋರಿಗೆ ಹೋಲಿಸಿದ್ರೆ ಜಾಸ್ತಿ. ಮಗು ಆದ್ಮೇಲೂ ಪಿಸಿಓಎಸ್ ಹೋಗಲ್ಲ. ಮತ್ತೆ, ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತಿರೋರು ಮಗು ಬೇಕು ಅಂತಿದ್ರೆ ಮೊದ್ಲೇ ಡಾಕ್ಟ್ರಿಗೆ ಹೇಳ್ಬಿಡಿ.