ಬ್ರಹ್ಮಸ್ಥಾನದಲ್ಲಿ ಕ್ಯೋಟೋ

1999ರಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಕಾರು ತಯಾರಾಗತೊಡಗಿತು. ಬೆಂಗಳೂರಿಗೆ ಜಪಾನಿಗಳು ಬಂದರು, ಅವರ ಹಿಂದೆ ಸುಶಿ ಬಂತು, ಸುಶಿಯ ಹಿಂದೆ ನಮ್ಮಂಥ ಇಂಟೀರಿಯರ್ ಡಿಸೈನರುಗಳಿಗೆ ತಲೆನೋವು ಬಂತು. ನನಗೆ ಸಿಕ್ಕ ಜಪಾನಿ ರೆಸ್ಟೋರೆಂಟಿನ ಮಾಲೀಕರು ಜಪಾನು ನೋಡಿಬಂದವರು. "ಒಳಗೆ ಕಾಲಿಟ್ರೆ ಕ್ಯೋಟೋ ಅನ್ನಿಸ್ಬೇಕು ಮೇಡಂ" ಅಂದರು. ಜಾಗ ಇದ್ದದ್ದು ಇಂದಿರಾನಗರದಲ್ಲಿ, ಜಿಮ್ಮಿನ ಕೆಳಗೆ. ಮೇಲೆ ಯಾರಾದರೂ ಡಂಬಲ್ ಕೈಬಿಟ್ಟರೆ ಶೋಜಿ ಬಾಗಿಲ ಕಾಗದ ಗಡಗಡ ನಡುಗುತ್ತಿತ್ತು.

ನಿಜವಾದ ಕುಸ್ತಿ ನಡೆದದ್ದು ಹೊರಿಗೊತಾತ್ಸುವಿಗೆ, ಅಂದರೆ ಜಪಾನಿನ ತಗ್ಗು ಊಟದ ಮೇಜಿಗೆ. ನೆಲದ ಮೇಲೇ ಕೂತಂತೆ ಕಾಣುತ್ತದೆ, ಕಾಲು ಮಾತ್ರ ಮೇಜಿನಡಿಯ ಗುಂಡಿಯಲ್ಲಿ ಇಳಿಬಿದ್ದಿರುತ್ತದೆ. ಮಂಡಿನೋವಿನವರಿಗೆ ವರದಾನ. ಮಾಲೀಕರ ವಾಸ್ತು ಪಂಡಿತರು ನಕ್ಷೆಯ ನಟ್ಟನಡುವೆ ಬೆರಳಿಟ್ಟರು. "ಬ್ರಹ್ಮಸ್ಥಾನದಲ್ಲಿ ಗುಂಡಿಯೇ? ದುಡ್ಡು ನಿಲ್ಲೋಲ್ಲಮ್ಮ." ನಾನು ಉಪಾಯ ಮಾಡಿ ತತಾಮಿ ಚಾಪೆಯ ಮಾತು ತೆಗೆದೆ. ಜಪಾನಿನಲ್ಲೂ ನಾಲ್ಕು ಚಾಪೆಗಳ ಮೂಲೆ ಒಂದೇ ಕಡೆ ಕೂಡುವಂತೆ ಹಾಸುವುದಿಲ್ಲ, ಅಪಶಕುನ ಅಂತಾರೆ ಎಂದೆ. ಪಂಡಿತರ ಮುಖ ಅರಳಿತು. "ನೋಡಿ, ನಮ್ಮ ಶಾಸ್ತ್ರ ಅಲ್ಲಿಗೂ ಹೋಗಿದೆ!" ಗುಂಡಿಗೆ ಮಾತ್ರ ಒಪ್ಪಲಿಲ್ಲ. ಕೊನೆಗೆ ನೆಲ ಅಗೆಯದೆ ಸುತ್ತ ಒಂದೂಕಾಲಡಿ ಎತ್ತರದ ಮರದ ಜಗಲಿ ಕಟ್ಟಿದೆವು. ನಡುವೆ ಉಳಿದದ್ದು ಗುಂಡಿಯಲ್ಲ, ಎತ್ತರಿಸದೆ ಬಿಟ್ಟ ಜಾಗ ಎಂದು ಪಂಡಿತರೇ ತೀರ್ಪು ಕೊಟ್ಟರು. ಅದಕ್ಕೆ ದಕ್ಷಿಣೆ ಬೇರೆ.

ಬಡಗಿ ಮೇಸ್ತ್ರಿಗೆ ಕುಮಿಕೊ ಜಾಲರಿಯ ಫೋಟೋ ತೋರಿಸಿದೆ. ಬೆರಳಗಲದ ಪಟ್ಟಿಗಳಿಗೆ ಕಚ್ಚು ಕೊಟ್ಟು, ಮೊಳೆಯಿಲ್ಲದೆ ಕೂಡಿಸುವ ಕೆಲಸ. "ಮೊಳೆ ಇಲ್ದೆ ನಮ್ ತಾತ ಬಾಗಿಲೇ ಮಾಡ್ತಿದ್ದ ಅಕ್ಕ. ಅವನಿಗೆ ಓಪನಿಂಗ್ ಡೇಟ್ ಇರ್ಲಿಲ್ಲ" ಅಂದರು. ಸಂಜೆ ಹೋಗಿ ನೋಡಿದರೆ ಒಂದು ಮೂಲೆಯಲ್ಲಿ ಆರು ಮೂಲೆಯ ನಕ್ಷತ್ರ ಕೂತಿತ್ತು, ಸಂದಿಯಲ್ಲಿ ಉಗುರೂ ಹೋಗದಷ್ಟು ಬಿಗಿ. ಪಕ್ಕದಲ್ಲೇ ಮೊಳೆ ಹೊಡೆಯುವ ಗನ್ನೂ ಇತ್ತು. ಕೇಳುವ ಧೈರ್ಯ ಬರಲಿಲ್ಲ.

ಮಾಲೀಕರದು ಚಾಪೆಯೂ ಕ್ಯೋಟೋ ಅಳತೆಯದೇ ಆಗಬೇಕೆಂಬ ಹಟ: ಉದ್ದ 191 ಸೆಂ.ಮೀ., ಟೋಕಿಯೋದ್ದು 176. ತರಿಸಿದ್ದಾಯಿತು. ತತಾಮಿಗೆ ನೀರು ಸೋಕಬಾರದು, ಹುಲ್ಲಿನ ಎಳೆಗುಂಟ ಒಣ ಬಟ್ಟೆಯಲ್ಲಿ ಒರೆಸಬೇಕು ಎಂದು ಬೋರ್ಡೂ ಹಾಕಿದೆವು. ಓಪನಿಂಗಿನ ಹಿಂದಿನ ರಾತ್ರಿ ಕ್ಲೀನಿಂಗಿನವರು ಬೋರ್ಡನ್ನೂ ಸೇರಿಸಿ ಫಿನಾಯಿಲ್ ನೀರಲ್ಲಿ ತೊಳೆದಿಟ್ಟಿದ್ದರು.

ಚಪ್ಪಲಿ ಬಿಡಲು ಬಾಗಿಲ ಬಳಿ ಗೆಂಕಾನ್ ಮಾಡಿಸಿದ್ದೆ. ಅದನ್ನು ನಮ್ಮ ಜನಕ್ಕೆ ಹೇಳಿಕೊಡಬೇಕಾಗಲಿಲ್ಲ. ವಾರಾಂತ್ಯಕ್ಕೆ ಹೋಗಿ ನೋಡಿದರೆ ಸೆಕ್ಯೂರಿಟಿ ತಾತ ಅಲ್ಲೇ ಕುರ್ಚಿ ಹಾಕಿಕೊಂಡು ಟೋಕನ್ ಹಂಚುತ್ತಿದ್ದಾರೆ, ಜೋಡಿಗೆ ಐದು ರೂಪಾಯಿ. ಜಪಾನಿ ಅತಿಥಿಯೊಬ್ಬರು ಸೊಂಟ ಬಗ್ಗಿಸಿ ವಂದಿಸಿ, ಎರಡೂ ಕೈಯಲ್ಲಿ ಟೋಕನ್ ತೆಗೆದುಕೊಂಡು, ಚಿಲ್ಲರೆಗಾಗಿ ಕಾಯುತ್ತ ನಿಂತಿದ್ದರು.